ಸ್ಟಿಕ್ಕರ್ ನೋಡಬೇಡಿ, ಮೀಟರ್ ನೋಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಈ ಐದು ತಾಲ್ಲೂಕುಗಳ ಇಂಟರ್ನೆಟ್ ನಿಂತಿರುವುದು ಬೆರಳುದ್ದದ ಮಾಡ್ಯೂಲುಗಳ ಮೇಲೆ. ಅವನ್ನು ಸ್ವಿಚ್ ಕಂಪನಿಯಿಂದಲೇ ಕೊಳ್ಳಬೇಕೆ, ಬೇರೆಯವರದ್ದೂ ನಡೆಯುತ್ತದೆಯೆ?

ಕಬ್ಬಿನ ಹಂಗಾಮು ಜೋರಾಗಿರುವಾಗ ಸಕ್ಕರೆ ಕಾರ್ಖಾನೆಯ ತೂಕದ ಕಾಟಾಕ್ಕೂ ಕಚೇರಿಗೂ ನಡುವಿನ ಲಿಂಕ್ ಅರ್ಧ ಗಂಟೆ ಹೋದರೆ ಸಾಕು, ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ. ನಾಡಕಚೇರಿಯಲ್ಲಿ ಹೋದರೆ ಉತಾರಕ್ಕೆ ಬಂದವರು ಬಾಗಿಲಲ್ಲೇ ಕೂರುತ್ತಾರೆ. ಪತ್ತಿನ ಸಂಘದ ಶಾಖೆಯಲ್ಲಿ ಹೋದರೆ ಕೌಂಟರ್ ನಿಲ್ಲುತ್ತದೆ. ಆಗ ಮೊದಲು ಕೇಳುವ ಮಾತು, ‘ಎಲ್ಲ್ಯೋ ಫೈಬರ್ ಕಟ್ ಆಗೇತ್ರಿ.’ ಎಷ್ಟೋ ಸಲ ಅದು ನಿಜವೇ. ಎತ್ತರಕ್ಕೆ ಕಬ್ಬು ಹೇರಿದ ಟ್ರಾಲಿ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲನ್ನು ಎಳೆದುಕೊಂಡು ಹೋಗಿರುತ್ತದೆ. ಆದರೆ ಕೇಬಲ್ ನೆಟ್ಟಗಿದ್ದೂ ಲಿಂಕ್ ಬಾರದಿದ್ದರೆ, ಸ್ವಿಚ್ಚಿನ ಮುಖದಲ್ಲಿ ಸಿಕ್ಕಿಸಿರುವ ಬೆರಳುದ್ದದ ಲೋಹದ ತುಂಡಿನ ಕಡೆ ನೋಡಬೇಕು. ಅದು ಎಸ್‌ಎಫ್‌ಪಿ ಟ್ರಾನ್ಸೀವರ್. ಲೈನಿನ ಕೆಲಸದವರ ಬಾಯಲ್ಲಿ ಬರೀ ‘ಎಸ್‌ಎಫ್‌ಪಿ’, ಇಲ್ಲವೆ ‘ಮಾಡ್ಯೂಲ್’.

ಸ್ವಿಚ್ಚಿನೊಳಗಿನ ವಿದ್ಯುತ್ ಸಂಕೇತವನ್ನು ಈ ಮಾಡ್ಯೂಲಿನ ಲೇಸರ್ ಬೆಳಕಾಗಿ ಮಾಡಿ ಫೈಬರಿಗೆ ಬಿಡುತ್ತದೆ. ಆಚೆ ತುದಿಯ ಮಾಡ್ಯೂಲಿನ ಫೋಟೊಡಯೋಡ್ ಅದನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಹಾಗಾಗಿ ಒಂದು ಲಿಂಕಿಗೆ ಎರಡು ಮಾಡ್ಯೂಲು ಬೇಕೇ ಬೇಕು. ಚಿಕ್ಕೋಡಿಯ ಕೇಬಲ್ ಆಪರೇಟರ್ ಇರಲಿ, ಉಗಾರದ ಕಾರ್ಖಾನೆ ಇರಲಿ, ಯಕ್ಸಂಬಾದ ಪತ್ತಿನ ಸಂಘ ಇರಲಿ, ಖರೀದಿಯ ಹೊತ್ತಿಗೆ ಎದುರಾಗುವ ಪ್ರಶ್ನೆ ಒಂದೇ. ಸ್ವಿಚ್ ಕಂಪನಿಯ ಹೆಸರು ಹೊತ್ತ ‘ಒರಿಜಿನಲ್’ಗೂ ಬೇರೆಯವರು ಮಾಡಿಕೊಡುವ ‘ಕಂಪ್ಯಾಟಿಬಲ್’ಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ. ಒರಿಜಿನಲ್ ಕೊಂಡರೆ ಹಣ ಹೋಗುತ್ತದೆ, ಅಗ್ಗದ್ದು ಕೊಂಡರೆ ಲಿಂಕ್ ಹೋಗುತ್ತದೆ ಎಂಬ ಅಳುಕು.

ಈ ಅಳುಕಿನ ಎರಡು ಬದಿಗೂ ಆಧಾರ ಕಡಿಮೆ. ಹೊಂದಿಕೆ ಎನ್ನುವುದು ಮೂರು ಕಡೆ ಕೂಡಿಬರಬೇಕು: ಬೆಳಕು ಫೈಬರಿಗೆ ಹೊಂದಬೇಕು, ಶಕ್ತಿ ದೂರಕ್ಕೆ ಹೊಂದಬೇಕು, ಮಾಡ್ಯೂಲಿನೊಳಗೆ ಬರೆದ ಗುರುತು ಸ್ವಿಚ್ಚಿಗೆ ಹೊಂದಬೇಕು. ಮೂರೂ ಕೂಡಿದರೆ ಹೆಸರು ಯಾವುದಾದರೂ ನಡೆಯುತ್ತದೆ. ಒಂದು ತಪ್ಪಿದರೂ ಅತಿ ದುಬಾರಿ ಮಾಡ್ಯೂಲ್ ಕೂಡ ಸುಮ್ಮನೆ ಕೂರುತ್ತದೆ.

ಎಲ್ಲರೂ ಒಪ್ಪಿದ ಅಳತೆ

ಬೇರೆ ಕಂಪನಿಯ ಮಾಡ್ಯೂಲ್ ಸ್ವಿಚ್ಚಿನಲ್ಲಿ ಕೂರುವುದೇ ಒಂದು ಒಪ್ಪಂದದಿಂದಾಗಿ. 2000ರ ಸೆಪ್ಟೆಂಬರಿನಲ್ಲಿ ಅಜಿಲೆಂಟ್, ಫಿನಿಸಾರ್, ಐಬಿಎಂ, ಲ್ಯೂಸೆಂಟ್, ಸುಮಿಟೊಮೊ ಮುಂತಾದ ಕಂಪನಿಗಳು ಸೇರಿ ಎಸ್‌ಎಫ್‌ಪಿಯ ಬಹುಮೂಲ ಒಪ್ಪಂದ ಮಾಡಿಕೊಂಡವು. ಎಂಎಸ್‌ಎ ಎಂದು ಕರೆಯುವುದು ಅದನ್ನೇ. ಮಾಡ್ಯೂಲಿನ ಉದ್ದಗಲ, ಪಿನ್ನುಗಳ ಜಾಗ, ವೋಲ್ಟೇಜು, ಒಳಗಿನ ಮೆಮೊರಿಯಲ್ಲಿ ಯಾವ ಮಾಹಿತಿ ಎಲ್ಲಿರಬೇಕು ಎಂಬುದೆಲ್ಲ ಅಲ್ಲಿ ನಿಗದಿಯಾಯಿತು. ಒಬ್ಬನೇ ಮಾರಾಟಗಾರನಿಗೆ ಯಾರೂ ಜೋತುಬೀಳಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ಮುಂದೆ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್, 40 ಮತ್ತು 100 ಗಿಗಾಬಿಟ್‌ನ ಕ್ಯೂಎಸ್‌ಎಫ್‌ಪಿಗಳೂ ಇದೇ ಹಾದಿ ಹಿಡಿದವು.

ಇನ್ನೂ ಒಂದು ಸಂಗತಿ. ಸ್ವಿಚ್ ಮಾರುವ ದೊಡ್ಡ ಕಂಪನಿಗಳು ತಮ್ಮ ಹೆಸರಿನ ಮಾಡ್ಯೂಲುಗಳಲ್ಲಿ ಬಹಳಷ್ಟನ್ನು ಬೆಳಕಿನ ಉಪಕರಣಗಳನ್ನೇ ತಯಾರಿಸುವ ಬೇರೆ ಕಾರ್ಖಾನೆಗಳಿಂದ ಮಾಡಿಸಿ, ತಮ್ಮಲ್ಲಿ ಪರೀಕ್ಷಿಸಿ ಮಾರುತ್ತವೆ. ಹೆಚ್ಚಿನ ಬೆಲೆಯಲ್ಲಿ ಆ ಪರೀಕ್ಷೆಗೂ ಬೆಂಬಲಕ್ಕೂ ಒಂದು ಪಾಲು ಇದೆ. ಹೆಸರಿಗೂ ಒಂದು ಪಾಲು ಇದೆ.

ಇಲ್ಲಿ ಒಂದು ಗೆರೆ ಸ್ಪಷ್ಟವಾಗಿರಲಿ. ತಯಾರಕ ತನ್ನದೇ ಹೆಸರು, ತನ್ನದೇ ವಾರಂಟಿ ಕೊಟ್ಟು ‘ಇದು ಇಂಥ ಸ್ವಿಚ್ಚಿನಲ್ಲಿ ನಡೆಯುತ್ತದೆ’ ಎಂದು ಮಾರಿದರೆ ಅದು ಕಂಪ್ಯಾಟಿಬಲ್. ಇನ್ನೊಬ್ಬರ ಲೋಗೊ, ಹೊಲೊಗ್ರಾಂ ಅಂಟಿಸಿ ಒರಿಜಿನಲ್ ಎಂದು ಮಾರಿದರೆ ಅದು ನಕಲಿ ಮಾಲು. ಅದು ಎಷ್ಟೇ ಚೆನ್ನಾಗಿ ನಡೆದರೂ ಮೋಸವೇ.

ಗುರುತು ಕೇಳುವ ಸ್ವಿಚ್ಚು

ಅಳತೆ ಒಂದೇ ಆದಮೇಲೆ ತಕರಾರು ಎಲ್ಲಿಂದ? ಪ್ರತಿ ಎಸ್‌ಎಫ್‌ಪಿಯ ಒಳಗೆ 256 ಬೈಟಿನ ಒಂದು ಪುಟ್ಟ ಮೆಮೊರಿ ಇದೆ. ಮಾಡ್ಯೂಲ್ ಕೂರಿಸಿದ ಕೂಡಲೇ ಸ್ವಿಚ್ ಅದನ್ನು ಓದುತ್ತದೆ. ಅದರ 20ರಿಂದ 35ನೇ ಬೈಟಿನಲ್ಲಿ ತಯಾರಕರ ಹೆಸರು, 40ರಿಂದ 55ರಲ್ಲಿ ಪಾರ್ಟ್ ನಂಬರ್, 68ರಿಂದ 83ರಲ್ಲಿ ಸೀರಿಯಲ್ ನಂಬರ್. ಯಾವ ತರಂಗಾಂತರ, ಎಷ್ಟು ವೇಗ, ಎಷ್ಟು ದೂರ ಎಂಬುದೂ ಅಲ್ಲೇ ಇರುತ್ತದೆ. 96ನೇ ಬೈಟಿನಿಂದಾಚೆಗೆ ತಯಾರಕರ ಸ್ವಂತ ಬಳಕೆಗೆ ಬಿಟ್ಟ ಜಾಗ. ಸಿಸ್ಕೊದಂಥ ಕೆಲವು ಕಂಪನಿಗಳು ತಮ್ಮ ಗುಟ್ಟಿನ ಗುರುತನ್ನು ಅಲ್ಲಿ ಇಡುತ್ತವೆ. ಗುರುತು ತಾಳೆಯಾಗದಿದ್ದರೆ ಸ್ವಿಚ್ ‘ಅನ್‌ಸಪೋರ್ಟೆಡ್ ಟ್ರಾನ್ಸೀವರ್’ ಎಂದು ದೂರಿ ಪೋರ್ಟನ್ನೇ ಬಂದ್ ಮಾಡುತ್ತದೆ. ಬೆಳಕಿನಲ್ಲಿ ಯಾವ ದೋಷವೂ ಇರುವುದಿಲ್ಲ.

ಎಲ್ಲ ಕಂಪನಿಗಳೂ ಇಷ್ಟು ಬಿಗಿಯಲ್ಲ. ಸಣ್ಣ ಆಪರೇಟರುಗಳ ಕೋಣೆಯಲ್ಲಿ ಹೆಚ್ಚಾಗಿ ಕಾಣುವ ಮೈಕ್ರೊಟಿಕ್ ರೂಟರುಗಳು ಯಾರ ಮಾಡ್ಯೂಲನ್ನಾದರೂ ಸಾಮಾನ್ಯವಾಗಿ ಒಪ್ಪುತ್ತವೆ. ಸಿಸ್ಕೊದ ಅನೇಕ ಸ್ವಿಚ್ಚುಗಳಲ್ಲಿ ‘ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಎಂಬ ಕಮಾಂಡ್ ಕೊಟ್ಟರೆ ಬಾಗಿಲು ತೆರೆಯುತ್ತದೆ. ಜೊತೆಗೇ, ಇದರಿಂದಾಗುವ ತೊಂದರೆಗೆ ಬೆಂಬಲ ಸಿಗದಿರಬಹುದು ಎಂಬ ಎಚ್ಚರಿಕೆಯೂ ತೆರೆಯ ಮೇಲೆ ಬರುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ನಿಮ್ಮ ಸ್ವಿಚ್ಚಿಗೆ ತಕ್ಕ ಗುರುತು ಬರೆದ ಮಾಡ್ಯೂಲನ್ನೇ ಕೇಳಿ ಪಡೆಯುವುದು. ‘ಸಿಸ್ಕೊ ಕಂಪ್ಯಾಟಿಬಲ್’ ಎಂದಷ್ಟೇ ಹೇಳಿದರೆ ಸಾಲದು. ಸ್ವಿಚ್ಚಿನ ಪೂರ್ತಿ ಮಾಡೆಲ್ ನಂಬರ್, ಅದರಲ್ಲಿರುವ ಸಾಫ್ಟ್‌ವೇರಿನ ಆವೃತ್ತಿ ಎರಡನ್ನೂ ಬರೆದುಕೊಡಬೇಕು. ಲಿಂಕಿನ ಎರಡು ತುದಿಯಲ್ಲಿ ಎರಡು ಕಂಪನಿಯ ಸ್ವಿಚ್ಚಿದ್ದರೆ ಎರಡು ಬೇರೆ ಬೇರೆ ಗುರುತಿನ ಮಾಡ್ಯೂಲು ತರಿಸಬೇಕು. ಬೆಳಕಿನ ಗುಣ ಒಂದೇ ಇದ್ದರೆ ಅವು ಪರಸ್ಪರ ಮಾತಾಡಿಕೊಳ್ಳುತ್ತವೆ. ಇಂದು ನಡೆದದ್ದು ಸ್ವಿಚ್ಚಿನ ಸಾಫ್ಟ್‌ವೇರ್ ಬದಲಾದ ಮರುದಿನ ನಿಲ್ಲಲೂಬಹುದು. ಆದ್ದರಿಂದ ಅಪ್‌ಗ್ರೇಡನ್ನು ಮೊದಲು ಒಂದು ಸ್ವಿಚ್ಚಿನಲ್ಲಿ ಮಾತ್ರ ಮಾಡಿ ನೋಡಬೇಕು.

ಬೆಳಕಿನ ಲೆಕ್ಕ

ಗುರುತಿನ ತಕರಾರು ತಕ್ಷಣ ಗೊತ್ತಾಗುತ್ತದೆ. ಶಕ್ತಿಯ ಲೆಕ್ಕ ತಪ್ಪಿದ್ದು ಗೊತ್ತಾಗುವುದು ತಿಂಗಳುಗಳ ಮೇಲೆ. ಹಾಗಾಗಿ ಹೆಚ್ಚು ಗಮನ ಬೇಕಿರುವುದು ಇಲ್ಲಿ.

ಬೆಳಕಿನ ಶಕ್ತಿಯನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. 0 ಡಿಬಿಎಂ ಎಂದರೆ ಒಂದು ಮಿಲಿವಾಟ್. −10 ಎಂದರೆ ಅದರ ಹತ್ತನೇ ಒಂದು ಪಾಲು. −20 ಎಂದರೆ ನೂರನೇ ಒಂದು ಪಾಲು. ಪ್ರತಿ 3 ಡಿಬಿ ಲಾಸಿಗೆ ಬೆಳಕು ಅರ್ಧವಾಗುತ್ತದೆ. ಕಾಲುವೆಯ ನೀರು ಕೊನೆಯ ಹೊಲ ಮುಟ್ಟುವಷ್ಟರಲ್ಲಿ ಸೋರಿ ಇಂಗಿ ಎಷ್ಟು ಉಳಿಯುತ್ತದೆ ಎಂದು ರೈತ ಲೆಕ್ಕ ಹಾಕುವಂತೆ ಇದನ್ನೂ ಹಾಕಬೇಕು. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ಗಾಜಿನ ಎಳೆಯಲ್ಲಿ ಸಂದೇಶ ಕಳಿಸಬಹುದೆಂದು ವಾದಿಸಿದಾಗ ಅವರು ಮುಂದಿಟ್ಟ ಗುರಿ ಕಿಲೋಮೀಟರಿಗೆ 20 ಡಿಬಿ. ಇಂದಿನ ಸಿಂಗಲ್ ಮೋಡ್ ಫೈಬರಿನಲ್ಲಿ 1310 ನ್ಯಾನೊಮೀಟರ್ ಬೆಳಕಿಗೆ ಸುಮಾರು 0.35, 1550ಕ್ಕೆ ಸುಮಾರು 0.22 ಡಿಬಿ ಮಾತ್ರ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ರಸ್ತೆ ಸುಮಾರು 25 ಕಿ.ಮೀ. ಕೇಬಲ್ ಎಂದೂ ರಸ್ತೆಯಷ್ಟೇ ಇರುವುದಿಲ್ಲ. ಜಾಯಿಂಟಿನ ಹತ್ತಿರ ಬಿಟ್ಟ ಸುರುಳಿ, ಸುತ್ತುದಾರಿ ಸೇರಿ 28 ಕಿ.ಮೀ. ಎಂದಿಟ್ಟುಕೊಳ್ಳಿ. 1310ರ ಬೆಳಕಿನಲ್ಲಿ ಫೈಬರಿನ ಲಾಸ್ 9.8 ಡಿಬಿ. ಎರಡು ಕಿಲೋಮೀಟರಿಗೊಂದರಂತೆ 14 ಜಾಯಿಂಟು, ತಲಾ 0.1ರಂತೆ 1.4. ನಾಲ್ಕು ಕನೆಕ್ಟರು, ತಲಾ 0.5ರಂತೆ 2. ಒಟ್ಟು 13.2 ಡಿಬಿ.

ಈಗ ಡೇಟಾಶೀಟ್ ತೆರೆಯೋಣ. 10 ಕಿ.ಮೀ.ಯ ಸಾಮಾನ್ಯ ಎಲ್‌ಎಕ್ಸ್ ಮಾಡ್ಯೂಲು ಕನಿಷ್ಠ −9.5 ಡಿಬಿಎಂ ಬಿಡುತ್ತದೆ, −20ರವರೆಗೆ ಗ್ರಹಿಸುತ್ತದೆ. 13.2 ಕಳೆದರೆ ತಲುಪುವುದು −22.7. ಸಾಲದು. ಆದರೂ ಕೂರಿಸಿದ ದಿನ ಲಿಂಕ್ ಬಂದುಬಿಡಬಹುದು! ಏಕೆಂದರೆ ಹೊಸ ಮಾಡ್ಯೂಲು ಕನಿಷ್ಠಕ್ಕಿಂತ ಹೆಚ್ಚು, −5ರಷ್ಟು ಬಿಡುತ್ತಿದ್ದರೆ ಆಚೆ −18.2 ಸಿಗುತ್ತದೆ. ‘ನಡದೈತಲ್ಲ, ಇನ್ನೇನ?’ ಎಂದು ಬಿಟ್ಟರೆ ಮುಂದಿನ ಹಂಗಾಮಿನಲ್ಲಿ ಟ್ರಾಲಿ ಕೇಬಲ್ ಹರಿಯುತ್ತದೆ, ನಡುವೆ ತುಂಡು ಸೇರಿಸಿದರೆ ಎರಡು ಜಾಯಿಂಟು ಹೆಚ್ಚುತ್ತವೆ. ಹೀಗೆ ನಾಲ್ಕಾರು ಸಲ ಆಗಿ, ಲೇಸರಿಗೂ ವಯಸ್ಸಾದಾಗ ಲಿಂಕ್ ಬಿಟ್ಟುಬಿಟ್ಟು ಬರತೊಡಗುತ್ತದೆ. ಆಗ ದೂರು ಬರುವುದು ‘ಕಂಪ್ಯಾಟಿಬಲ್ ಸರಿಯಿಲ್ಲ’ ಎಂದು. ಅಲ್ಲಿ ಒರಿಜಿನಲ್ ಎಲ್‌ಎಕ್ಸ್ ಹಾಕಿದ್ದರೂ ಆಗುತ್ತಿದ್ದದ್ದು ಅದೇ. ಬೇಕಿದ್ದದ್ದು 40 ಕಿ.ಮೀ.ಯ ಮಾಡ್ಯೂಲು: ಕನಿಷ್ಠ −5 ಬಿಟ್ಟು −22ರವರೆಗೆ ಗ್ರಹಿಸುವಂಥದ್ದು. ಆಗ ತಲುಪುವುದು −18.2; ಕೈಯಲ್ಲಿ 3.8 ಡಿಬಿ ಉಳಿಯುತ್ತದೆ. ಮುಂದಿನ ಜಾಯಿಂಟುಗಳಿಗಾಗಿ 3 ಡಿಬಿಯಾದರೂ ಉಳಿಸಿಕೊಳ್ಳುವುದು ಕ್ಷೇಮ.

ಹಾಗೆಂದು ಎಲ್ಲ ಕಡೆ ಜೋರಿನದ್ದನ್ನೇ ಹಾಕುವಂತಿಲ್ಲ. ಕಾರ್ಖಾನೆಯ ಆವರಣದ 2 ಕಿ.ಮೀ. ಲಿಂಕಿಗೆ 80 ಕಿ.ಮೀ.ಯ ಝಡ್‌ಎಕ್ಸ್ ಮಾಡ್ಯೂಲು ಹಾಕಿದರೆ, ಅದು ಗರಿಷ್ಠ +5 ಬಿಟ್ಟಾಗ ಆಚೆ ತುದಿಗೆ +2 ಡಿಬಿಎಂಗಿಂತ ಹೆಚ್ಚು ಬೆಳಕು ಬೀಳುತ್ತದೆ. ಆ ತುದಿಯ ಮಾಡ್ಯೂಲು ತಾಳುವುದು −3ರವರೆಗೆ ಮಾತ್ರ. ಲಿಂಕ್ ಬರುವುದಿಲ್ಲ, ಬೆಳಕು ಪಡೆಯುವ ಫೋಟೊಡಯೋಡ್ ಕೆಡಲೂಬಹುದು. ಬೇರೆ ಮಾಡ್ಯೂಲ್ ಕೈಯಲ್ಲಿಲ್ಲದಿದ್ದರೆ ನಡುವೆ 10 ಡಿಬಿ ಅಟೆನ್ಯುಯೇಟರ್ ಹಾಕಲೇಬೇಕು.

ಜೋಡಿ ತಪ್ಪಬಾರದು

ಇನ್ನು ಬೆಳಕು ಫೈಬರಿಗೆ ಹೊಂದುವ ಮಾತು. ಕಟ್ಟಡದೊಳಗಿನ ಕಿತ್ತಳೆ ಅಥವಾ ತಿಳಿನೀಲಿ ಪ್ಯಾಚ್ ಕಾರ್ಡ್ ಸಾಮಾನ್ಯವಾಗಿ ಮಲ್ಟಿಮೋಡ್. ಅದರ ಜೊತೆ 850 ನ್ಯಾನೊಮೀಟರಿನ ಎಸ್‌ಎಕ್ಸ್, 550 ಮೀಟರಿನವರೆಗೆ. ಹಳದಿ ಕಾರ್ಡ್ ಸಿಂಗಲ್ ಮೋಡ್. ಅದರ ತಿರುಳು 9 ಮೈಕ್ರಾನ್, ಊರಿಂದ ಊರಿಗೆ ಹೋಗುವುದೆಲ್ಲ ಅದೇ. ಒಂದೇ ಎಳೆಯಲ್ಲಿ ಹೋಗಿಬರುವ ಬೈಡೈ ಮಾಡ್ಯೂಲಾದರೆ ಒಂದು ತುದಿ 1310ರಲ್ಲಿ ಕಳಿಸಿ 1550ರಲ್ಲಿ ಪಡೆಯಬೇಕು, ಇನ್ನೊಂದು ತುದಿ ಅದಕ್ಕೆ ತಿರುಗಾಮುರುಗಾ. 1310/1490ರ ಜೋಡಿಯೂ ಇದೆ, 10 ಗಿಗಾಬಿಟ್‌ಗೆ 1270/1330. ಎರಡೂ ಕಡೆ ಒಂದೇ ಬಗೆ ಹಾಕಿದರೆ ದೀಪ ಹತ್ತುವುದಿಲ್ಲ. ಹಿಡಿಕೆಯ ಬಣ್ಣ ನಂಬಬೇಡಿ, ಲೇಬಲ್ಲಿನ ಅಂಕಿ ಓದಿ.

ಎಸ್‌ಎಫ್‌ಪಿ ಪ್ಲಸ್ ಪೋರ್ಟಿನಲ್ಲಿ 1 ಗಿಗಾಬಿಟ್ ಮಾಡ್ಯೂಲು ಬಹುಪಾಲು ನಡೆಯುತ್ತದೆ, ವೇಗವನ್ನು ಕೈಯಾರೆ ನಿಗದಿ ಮಾಡಬೇಕಾದೀತು. ಉಲ್ಟಾ ನಡೆಯುವುದಿಲ್ಲ. ಹಸಿರು ತಲೆಯ ಎಪಿಸಿ ಕನೆಕ್ಟರಿನ ತುದಿ 8 ಡಿಗ್ರಿ ಓರೆಯಾಗಿರುತ್ತದೆ. ಅದನ್ನು ನೀಲಿ ಯುಪಿಸಿಗೆ ಸೇರಿಸಿದರೆ ಲಾಸೂ ಹೆಚ್ಚು, ತುದಿಗೂ ಗಾಯ.

ರಸ್ತೆ ಬದಿಯ ತಗಡಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. ಸಾಮಾನ್ಯ ಮಾಡ್ಯೂಲಿನ ಮಿತಿ 0ರಿಂದ 70 ಡಿಗ್ರಿ ಸೆಲ್ಸಿಯಸ್, ಕೈಗಾರಿಕಾ ದರ್ಜೆಯದ್ದು −40ರಿಂದ 85. ಈ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಬಿಸಿ ಹೊರಗಿಗಿಂತ ಬಹಳ ಹೆಚ್ಚು. ಅಲ್ಲಿ ಹೆಚ್ಚು ಹಣ ಕೊಡುವುದಿದ್ದರೆ ಹೆಸರಿಗೆ ಕೊಡುವ ಬದಲು ಈ ದರ್ಜೆಗೆ ಕೊಡಿ.

ಮನೆಮನೆಗೆ ಕೊಡುವ ಫೈಬರಿನ ಲೆಕ್ಕ ಬೇರೆ. ಅಲ್ಲಿ ಆಪರೇಟರ್ ಕಡೆಯ ಓಎಲ್‌ಟಿ ಎಂಬ ಪೆಟ್ಟಿಗೆಯ ಒಂದು ಪಾನ್ ಮಾಡ್ಯೂಲಿನ ಬೆಳಕನ್ನು ಸ್ಪ್ಲಿಟರ್ ಹಂಚುತ್ತದೆ. ಎಂಟಕ್ಕೆ ಹಂಚಿದರೆ ಸುಮಾರು 10.5 ಡಿಬಿ, ಮೂವತ್ತೆರಡಕ್ಕೆ ಹಂಚಿದರೆ ಸುಮಾರು 17 ಡಿಬಿ ಅಲ್ಲೇ ಹೋಗುತ್ತದೆ. ಪಾನ್‌ನ ಒಂದು ಬಗೆಯಾದ ಜಿಪಾನ್‌ನ ಬಿ ಪ್ಲಸ್ ದರ್ಜೆಗೆ 28, ಸಿ ಪ್ಲಸ್ ದರ್ಜೆಗೆ 32 ಡಿಬಿ ಲಾಸ್ ತಾಳುವ ಶಕ್ತಿ. ತೋಟದ ಮನೆಗಳು ದೂರದೂರ ಚದುರಿರುವ ಹಳ್ಳಿಗಳಲ್ಲಿ ಈ 4 ಡಿಬಿ ದೊಡ್ಡ ಮೊತ್ತ. ಇನ್ನೊಂದು ಬಗೆಯಾದ ಇಪಾನ್‌ನ ಓಎಲ್‌ಟಿಗೆ ಜಿಪಾನ್ ಮಾಡ್ಯೂಲು ಹೊಂದುವುದಿಲ್ಲ ಎಂಬುದೂ ನೆನಪಿರಲಿ.

ಕೂರಿಸುವ ಕ್ರಮ

ಮಾಡ್ಯೂಲನ್ನು ಸ್ವಿಚ್ ಬಂದ್ ಮಾಡದೆಯೇ ಹಾಕಿ ತೆಗೆಯಬಹುದು. ಅದಕ್ಕೆಂದೇ ಹಾಗೆ ಮಾಡಿದ್ದಾರೆ. ಆದರೆ ಕೈಯಲ್ಲಿನ ಸ್ಥಿರ ವಿದ್ಯುತ್ತು ಅದನ್ನು ಕೆಡಿಸಬಲ್ಲದು. ಅರ್ತ್ ಆದ ರ್‍ಯಾಕನ್ನು ಮುಟ್ಟಿ, ಸಾಧ್ಯವಾದರೆ ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡು ಹಿಡಿಯಬೇಕು. ಹಿಡಿಕೆ ಮುಚ್ಚಿ, ‘ಟಕ್’ ಎನ್ನುವವರೆಗೆ ಒತ್ತಬೇಕು. ಧೂಳಿನ ಟೋಪಿಯನ್ನು ಕಾರ್ಡ್ ಚುಚ್ಚುವ ಕ್ಷಣದವರೆಗೆ ತೆಗೆಯಬಾರದು. ಕಾರ್ಡಿನ ತುದಿಯನ್ನು ಪ್ರತಿ ಸಲವೂ ಕ್ಲೀನರಿನಿಂದ ಒರೆಸಲೇಬೇಕು. 9 ಮೈಕ್ರಾನಿನ ದಾರಿಗೆ ಕಣ್ಣಿಗೆ ಕಾಣದ ಧೂಳಿನ ಕಣವೂ ಅಡ್ಡವೇ. ತಂಬಾಕಿನ ಪುಡಿ, ಕಬ್ಬಿನ ಸಿಪ್ಪೆಯ ಹೊಟ್ಟು ಹಾರಾಡುವ ಕಡೆ ಇದನ್ನು ಎರಡು ಸಲ ಹೇಳಿದರೂ ತಪ್ಪಲ್ಲ. ಅಂಗಿಯ ಚುಂಗಿನಿಂದ ಒರೆಸುವುದು ಮಾತ್ರ ಬೇಡ. ಫೈಬರಿನ ತುದಿಗೆ ಕಣ್ಣಿಟ್ಟು ‘ಲೈಟ್ ಬರಾಕತ್ತೈತೇನು’ ಎಂದು ನೋಡುವುದು ಅಪಾಯ. ಈ ಬೆಳಕು ಅವಗೆಂಪು, ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಕಾರ್ಡ್ ಚುಚ್ಚುವ ಮೊದಲು ಪವರ್ ಮೀಟರಿನಲ್ಲಿ ಬರುವ ಬೆಳಕನ್ನು ಅಳೆಯಿರಿ. ಮೀಟರನ್ನು ಆ ಬೆಳಕಿನ ತರಂಗಾಂತರಕ್ಕೆ ಹೊಂದಿಸಿರಬೇಕು. ಆಮೇಲೆ ಸ್ವಿಚ್ಚಿನಲ್ಲಿ ಮಾಡ್ಯೂಲ್ ತಾನೇ ಹೇಳುವ ಅಂಕಿಗಳನ್ನು ನೋಡಿ: ಬಿಸಿ, ವೋಲ್ಟೇಜು, ಕಳಿಸುವ ಶಕ್ತಿ, ಪಡೆಯುವ ಶಕ್ತಿ. ಇದನ್ನೇ ಡಿಡಿಎಂ ಎನ್ನುವುದು. ಮಾನದಂಡದ ಪ್ರಕಾರವೇ ಇದರ ಶಕ್ತಿಯ ಅಂಕಿ 3 ಡಿಬಿ ಅತ್ತಿತ್ತ ಇರಬಹುದು. ಆದ್ದರಿಂದ ಒಪ್ಪಿಕೊಳ್ಳುವಾಗ ಮೀಟರ್, ದಿನನಿತ್ಯದ ಏರಿಳಿತಕ್ಕೆ ಡಿಡಿಎಂ. ಮೊದಲ ದಿನದ ಅಂಕಿಗಳನ್ನು ಸೀರಿಯಲ್ ನಂಬರಿನ ಜೊತೆ ವಹಿಯಲ್ಲಿ ಬರೆದಿಟ್ಟರೆ ಮುಂದೆ ವಾರಂಟಿ ಕೇಳಲು ಅದೇ ಸಾಕ್ಷಿ. ಕೊನೆಗೆ, ಲಿಂಕ್ ಬಂತೆಂದು ಎದ್ದು ಹೋಗದೆ ಒಂದು ರಾತ್ರಿ ಭಾರ ಹಾಕಿ ಸಿಆರ್‌ಸಿ ದೋಷಗಳು, ಎಂದರೆ ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟುಗಳ ಎಣಿಕೆ, ಏರುತ್ತಿವೆಯೇ ನೋಡಬೇಕು.

ಹೊಳೆ ತುಂಬುವ ಮೊದಲು

ಅಗ್ಗದ ಮಾಡ್ಯೂಲಿನ ನಿಜವಾದ ಲಾಭ ಈ ಐದು ತಾಲ್ಲೂಕುಗಳಲ್ಲಿ ಮಳೆಗಾಲಕ್ಕೆ ಕಾಣುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಬಹುಭಾಗ ಕೃಷ್ಣೆಯ ಒಂದು ದಂಡೆ. ಕಾಗವಾಡ, ಅಥಣಿ ಇನ್ನೊಂದು ದಂಡೆ. ಹೊಳೆ ಏರಿದರೆ ಕಲ್ಲೋಳ–ಯಡೂರು, ಕುಡಚಿ–ಉಗಾರದಂಥ ಸೇತುವೆಗಳು ನೀರಿನಡಿ ಹೋಗುತ್ತವೆ. 2019ರ ಆಗಸ್ಟಿನಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿತು. 2021ರ ಜುಲೈಯಲ್ಲೂ ಅದೇ ಆಯಿತು. ಅಂಥ ದಿನ ಪುಣೆಯಿಂದಲೋ ಬೆಂಗಳೂರಿನಿಂದಲೋ ಕೊರಿಯರ್ ಬರುವುದಿಲ್ಲ. ಎರಡೂ ದಂಡೆಯಲ್ಲಿ ಬಿಡಿ ಮಾಡ್ಯೂಲು ಇದ್ದವನಿಗೆ ಮಾತ್ರ ಲಿಂಕ್. ಒಂದು ಒರಿಜಿನಲ್ಲಿನ ದುಡ್ಡಿಗೆ ಪರೀಕ್ಷಿಸಿದ ಹಲವು ಕಂಪ್ಯಾಟಿಬಲ್ ಬಂದರೆ, ಜೂನಿಗೆ ಮುಂಚೆ ಅವನ್ನು ಆಚೆಯೂ ಈಚೆಯೂ ಇಡುವುದು ಜಾಣತನ.

ಸಣ್ಣ ಆಪರೇಟರುಗಳು ಸೇರಿ ಮಾಡಬಹುದಾದದ್ದೂ ಇದೆ. ಮಾಡ್ಯೂಲಿನ ಗುರುತು ಬರೆಯುವ ಕೋಡಿಂಗ್ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ತಾಲ್ಲೂಕಿಗೊಂದು ಕೋಡಿಂಗ್ ಪೆಟ್ಟಿಗೆ, ಒಂದು ಒಟಿಡಿಆರ್ ಇದ್ದರೆ ಒಂದೇ ಬಗೆಯ ಮಾಡ್ಯೂಲನ್ನು ಯಾರ ಸ್ವಿಚ್ಚಿಗೆ ಬೇಕಾದರೂ ಹೊಂದಿಸಿಕೊಳ್ಳಬಹುದು, ಫೈಬರ್ ಎಲ್ಲಿ ಹರಿದಿದೆ ಎಂದು ಒಟಿಡಿಆರ್‌ನಿಂದ ಪತ್ತೆ ಹಚ್ಚಬಹುದು. ತನ್ನ ಸ್ವಂತ ಕೆಲಸಕ್ಕೆ ಗುರುತು ಬರೆದುಕೊಳ್ಳುವುದು ಬೇರೆ, ಇನ್ನೊಬ್ಬರ ಲೋಗೊ ಅಂಟಿಸಿ ಮಾರುವುದು ಬೇರೆ. ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಪಾಠಕ್ಕೆ ಪಾಠ, ಕೆಲಸಕ್ಕೆ ಕೆಲಸ ಆಗುವ ವಿದ್ಯೆಯಿದು.

ಒರಿಜಿನಲ್ಲೇ ಬೇಕಾದ ಜಾಗಗಳೂ ಇವೆ. ಸ್ವಿಚ್ ಕಂಪನಿಯ ಜೊತೆ ವಾರ್ಷಿಕ ಬೆಂಬಲದ ಕರಾರು ಇದ್ದು, ಬೇರೆ ಮಾಡ್ಯೂಲ್ ಕಂಡರೆ ದೂರು ಸ್ವೀಕರಿಸುವುದಿಲ್ಲ ಎಂಬ ಷರತ್ತಿದ್ದರೆ, ಮುಖ್ಯ ಲಿಂಕಿನ ಎರಡು ತುದಿಗೂ ಕಂಪನಿಯದ್ದೇ ಇರಲಿ. ಕಡೇಪಕ್ಷ ದೋಷ ಹುಡುಕುವಾಗ ಬದಲಿಸಿ ತೋರಿಸಲು ಒಂದು ಜೋಡಿ ಇಟ್ಟುಕೊಳ್ಳಿ. ಪರವಾನಗಿ ಪಡೆದ ಇಂಟರ್ನೆಟ್ ಸೇವಾದಾರರಿಗೆ ಇನ್ನೊಂದು ಹೊಣೆಯಿದೆ: 2021ರ ಜೂನ್ 15ರಿಂದ ಜಾಲಕ್ಕೆ ಹೊಸದಾಗಿ ಸೇರಿಸುವ ಉಪಕರಣಗಳು ಸರ್ಕಾರ ಒಪ್ಪಿದ ವಿಶ್ವಾಸಾರ್ಹ ಮೂಲದ್ದಾಗಿರಬೇಕು. ತಾವು ಕೊಳ್ಳುವ ವಸ್ತುವಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಆರ್ಡರಿಗೆ ಮುಂಚೆ ವಿಚಾರಿಸಿಕೊಳ್ಳಬೇಕು.

ಸಂಘ ಸಂಸ್ಥೆಗಳ ಟೆಂಡರಿನಲ್ಲಿ ‘ಒರಿಜಿನಲ್ ಮಾತ್ರ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದರ ಬದಲು ವೇಗ, ತರಂಗಾಂತರ, ಕನಿಷ್ಠ ಕಳಿಸುವ ಶಕ್ತಿ, ಗ್ರಹಿಕೆಯ ಮಿತಿ, ತಾಪದ ದರ್ಜೆ, ಡಿಡಿಎಂ, ಇಂಥ ಸ್ವಿಚ್ಚಿನ ಇಂಥ ಆವೃತ್ತಿಯಲ್ಲಿ ನಡೆದು ತೋರಿಸಬೇಕೆಂಬ ಷರತ್ತು, ಮರಳಿ ಕೊಡುವ ಅವಧಿ, ಇಷ್ಟನ್ನು ಬರೆಯಿರಿ. ಮೊದಲು ಒಂದೇ ಜೋಡಿ ತರಿಸಿ, ಅಳೆದು, ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ. ಈ ಷರತ್ತುಗಳಿಗೆ ಉತ್ತರ ಕೊಡಲಾರದ ಮಾರಾಟಗಾರ ದೊಡ್ಡ ಹೆಸರಿನವನಾದರೂ ಬೇಡ. ಉತ್ತರ ಕೊಟ್ಟು, ಮೀಟರಿನಲ್ಲಿ ತೋರಿಸಬಲ್ಲವನು ಯಾರೂ ಕೇಳದ ಹೆಸರಿನವನಾದರೂ ಅವನ ಮಾಲು ಕೊಳ್ಳಬಹುದು.